ಡ್ರೈವ್ ಕೆಟ್ಟಿಲ್ಲ, ದಫ್ತರ ಕೆಟ್ಟಿದೆ

ಪೋತಿ ಖಾತೆಯೆಂದರೆ ಏನೆಂದು ನಮ್ಮ ಗ್ರಾಮಾಂತರದ ಜನರಿಗೆ ವಿವರಿಸಬೇಕಾಗಿಲ್ಲ. ಜಮೀನಿನ ಒಡೆಯ ತೀರಿಕೊಂಡು ವರ್ಷಗಳೇ ಕಳೆದಿರುತ್ತವೆ. ಮಕ್ಕಳು ಉಳುತ್ತಿರುತ್ತಾರೆ, ಬಿತ್ತುತ್ತಿರುತ್ತಾರೆ. ಆದರೆ ಪಹಣಿಯ ಒಂಬತ್ತನೆಯ ಅಂಕಣದಲ್ಲಿ ಮಾತ್ರ ಸತ್ತವನ ಹೆಸರೇ ನಿಂತಿರುತ್ತದೆ. ನೆಲವಿದೆ, ಬೆಳೆಯಿದೆ, ದುಡಿಯುವ ಕೈಗಳಿವೆ; ಆದರೂ ಬ್ಯಾಂಕಿನ ಸಾಲವಿಲ್ಲ, ಪರಿಹಾರದ ಹಣವಿಲ್ಲ, ಮಾರುವ ಹಕ್ಕಿಲ್ಲ. ಹಾಗೆಂದು ಯಾವ ಗ್ರಾಮ ಲೆಕ್ಕಿಗನೂ ರೈತನಿಗೆ ‘ನಿನ್ನ ನೆಲ ಕೆಟ್ಟಿದೆ, ಬೇರೆ ನೆಲ ಕೊಂಡುಕೋ’ ಎಂದು ಸಲಹೆ ನೀಡುವುದಿಲ್ಲ. ದೋಷ ಇರುವುದು ದಾಖಲೆಯಲ್ಲಿ, ಅದನ್ನು ತಿದ್ದಬೇಕು ಎಂಬುದು ಇಬ್ಬರಿಗೂ ಗೊತ್ತಿರುತ್ತದೆ. ಆದರೆ ಗಣಕಯಂತ್ರದ ವಿಷಯ ಬಂದಾಗ ವಿದ್ಯಾವಂತರಾದ ನಾವು ಹಣ ತೆತ್ತು ಪಡೆಯುತ್ತಿರುವುದು ಇಂಥದೇ ಸಲಹೆಯನ್ನು.

ಮಧುಗಿರಿ ಕಂದಾಯ ಉಪವಿಭಾಗಕ್ಕೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರುತ್ತವೆ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಇದು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯೂ ಹೌದು. ಈ ಭಾಗದ ಶಾಲೆ, ವಕೀಲರ ಕೊಠಡಿ, ಫೋಟೊ ಸ್ಟುಡಿಯೊ, ಜೆರಾಕ್ಸ್ ಅಂಗಡಿಗಳಲ್ಲಿ ಹತ್ತು ಹದಿನೈದು ವರ್ಷ ಹಳೆಯ ಗಣಕಯಂತ್ರಗಳನ್ನು ಇಂದಿಗೂ ಕಾಣಬಹುದು. ಅವುಗಳಲ್ಲಿ ಕಾಣಿಸಿಕೊಳ್ಳುವ ಒಂದು ವಿಚಿತ್ರ ವ್ಯಾಧಿಯಿದೆ. ಒಂದು ಬೆಳಿಗ್ಗೆ ಯಂತ್ರವನ್ನು ಚಾಲೂ ಮಾಡಿದಾಗ ಸಿ.ಡಿ. ಡ್ರೈವಿನ ಗುರುತು ಪರದೆಯಿಂದ ಮಾಯವಾಗಿರುತ್ತದೆ. ಗುಂಡಿ ಒತ್ತಿದರೆ ತಟ್ಟೆ ಹೊರಬರುತ್ತದೆ, ದೀಪ ಮಿನುಗುತ್ತದೆ, ಡಿಸ್ಕ್ ತಿರುಗುವ ಸದ್ದೂ ಕೇಳುತ್ತದೆ. ಆದರೆ ವಿಂಡೋಸ್ ಪಾಲಿಗೆ ಡ್ರೈವ್ ಎಂಬುದೇ ಇಲ್ಲ. ಡಿವೈಸ್ ಮ್ಯಾನೇಜರ್ ತೆರೆದು ನೋಡಿದರೆ ಅದರ ಹೆಸರಿನ ಪಕ್ಕದಲ್ಲಿ ಹಳದಿ ಬಣ್ಣದ ಆಶ್ಚರ್ಯಸೂಚಕ ಚಿಹ್ನೆ, ಒಳಗೆ ಇಂಗ್ಲಿಷಿನ ಎರಡು ಸಾಲು, ಕೊನೆಯಲ್ಲಿ ಕೋಡ್ 19, 31, 32, 39 ಅಥವಾ 41 ಎಂಬ ಒಂದು ಸಂಖ್ಯೆ.

ನನ್ನ ಪರಿಚಿತರಾದ ನಿವೃತ್ತ ಉಪಾಧ್ಯಾಯರೊಬ್ಬರಿಗೆ ಹೀಗೇ ಆಯಿತು. ರಿಪೇರಿಯವರು ‘ಡ್ರೈವ್ ಹೋಗಿದೆ’ ಎಂದು ಹೊಸದನ್ನು ಹಾಕಿದರು. ಹೊಸದೂ ಕಾಣಿಸಲಿಲ್ಲ. ‘ಹಾಗಾದರೆ ಮದರ್‌ಬೋರ್ಡ್ ಹೋಗಿರಬೇಕು, ಹಳೆಯ ಯಂತ್ರಕ್ಕೆ ಹಣ ಸುರಿಯುವುದಕ್ಕಿಂತ ಹೊಸದನ್ನೇ ಕೊಳ್ಳಿ’ ಎಂಬುದು ಎರಡನೆಯ ಸಲಹೆ. ಅಷ್ಟರಲ್ಲಿ ರಜೆಗೆ ಬಂದಿದ್ದ ಅವರ ಅಣ್ಣನ ಮಗ ಹತ್ತು ನಿಮಿಷ ಕುಳಿತು ಎರಡು ನಮೂದುಗಳನ್ನು ಅಳಿಸಿದ. ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಹೊಸ ಡ್ರೈವ್ ಕಾಣಿಸಿತು. ಕಿತ್ತು ಹಾಕಿದ್ದ ಹಳೆಯದನ್ನು ಜೋಡಿಸಿದಾಗ ಅದೂ ಕಾಣಿಸಿತು. ರಿಪೇರಿಯವರದು ಮೋಸವೋ ಅಜ್ಞಾನವೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಎರಡರಿಂದಲೂ ಗ್ರಾಹಕನಿಗೆ ಆಗುವ ನಷ್ಟ ಒಂದೇ.

ನಡೆದದ್ದೇನು ಎಂಬುದನ್ನು ಅರಿಯಲು ಇಂಜಿನಿಯರ್ ಆಗಿರಬೇಕಿಲ್ಲ. ಕಚೇರಿಯ ಕಡತ ಹೇಗೆ ಸಾಗುತ್ತದೆಂಬುದು ತಿಳಿದಿದ್ದರೆ ಸಾಕು. ವಿಂಡೋಸ್ ತನ್ನಲ್ಲಿರುವ ಪ್ರತಿಯೊಂದು ಉಪಕರಣ, ಪ್ರತಿಯೊಂದು ತಂತ್ರಾಂಶದ ವಿವರವನ್ನೂ ರಿಜಿಸ್ಟ್ರಿ ಎಂಬ ದಫ್ತರದಲ್ಲಿ ಬರೆದಿಟ್ಟುಕೊಳ್ಳುತ್ತದೆ. 1992ರ ವಿಂಡೋಸ್ 3.1ರಲ್ಲಿ ಇದು ಚಿಕ್ಕದಾಗಿ ಆರಂಭವಾಗಿ, 1995ರ ವಿಂಡೋಸ್ 95ರ ಹೊತ್ತಿಗೆ ಇಡೀ ವ್ಯವಸ್ಥೆಯ ಮೂಲ ದಾಖಲೆಯಾಯಿತು. ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಹೋಬಳಿ, ಹೋಬಳಿಯೊಳಗೆ ಗ್ರಾಮ, ಗ್ರಾಮದೊಳಗೆ ಸರ್ವೆ ನಂಬರು ಇರುವಂತೆಯೇ ಅಲ್ಲಿಯೂ ಒಂದರೊಳಗೊಂದು ಕಪಾಟುಗಳಿವೆ. ಸಿ.ಡಿ., ಡಿ.ವಿ.ಡಿ. ಡ್ರೈವುಗಳ ಇಡೀ ವರ್ಗಕ್ಕೆ 4ಡಿ36ಇ965 ಎಂದು ಆರಂಭವಾಗುವ ಒಂದು ಉದ್ದನೆಯ ಸಂಖ್ಯೆಯಿದೆ. ಅದೇ ಅವುಗಳ ಸರ್ವೆ ನಂಬರು ಎನ್ನೋಣ.

ಡಿಸ್ಕಿನಿಂದ ಓದಿದ ಮಾಹಿತಿ ನಮ್ಮ ಪರದೆಗೆ ನೇರವಾಗಿ ಬರುವುದಿಲ್ಲ. ವಿಂಡೋಸಿನ ಮೂಲ ಚಾಲಕ ತಂತ್ರಾಂಶದ ಮೇಲೊಂದು, ಕೆಳಗೊಂದು ಎಂಬಂತೆ ಇತರ ತಂತ್ರಾಂಶಗಳೂ ದಾರಿಯಲ್ಲಿ ಕುಳಿತುಕೊಳ್ಳಬಹುದು. ಇವುಗಳಿಗೆ ಫಿಲ್ಟರ್ ಎಂದು ಹೆಸರು. ಸಿ.ಡಿ. ಬರೆಯುವ ತಂತ್ರಾಂಶವನ್ನು ಅಳವಡಿಸಿದಾಗ ಅದು ತನ್ನದೊಂದು ಫಿಲ್ಟರನ್ನು ಸೇರಿಸಿ, ಅದರ ಹೆಸರನ್ನು ‘ಅಪ್ಪರ್‌ಫಿಲ್ಟರ್ಸ್’ ಅಥವಾ ‘ಲೋಯರ್‌ಫಿಲ್ಟರ್ಸ್’ ಎಂಬ ಪಟ್ಟಿಯಲ್ಲಿ ನಮೂದಿಸುತ್ತದೆ. ಕಡತವು ಗುಮಾಸ್ತರಿಂದ ಶಿರಸ್ತೇದಾರರಿಗೆ, ಅವರಿಂದ ತಹಶೀಲ್ದಾರರಿಗೆ ಹೋಗಬೇಕೆಂಬ ಆದೇಶವಿದ್ದಂತೆ ಇದು. ಆ ತಂತ್ರಾಂಶವನ್ನು ಮುಂದೊಂದು ದಿನ ತೆಗೆದುಹಾಕುತ್ತೇವೆ. ಅದರ ಕಡತಗಳು ಅಳಿಸಿಹೋಗುತ್ತವೆ, ಆದರೆ ಕೆಲವು ವೇಳೆ ಪಟ್ಟಿಯಲ್ಲಿ ಹೆಸರು ಹಾಗೆಯೇ ಉಳಿಯುತ್ತದೆ. ಹುದ್ದೆಯೇ ರದ್ದಾಗಿದೆ, ಆದರೆ ಕಡತ ಆ ಮೇಜಿನ ಮೂಲಕವೇ ಹಾದುಹೋಗಬೇಕೆಂಬ ಆದೇಶ ಮಾತ್ರ ಜಾರಿಯಲ್ಲಿದೆ. ಪಟ್ಟಿಯಲ್ಲಿರುವವನು ಸಿಕ್ಕದ ಕಾರಣ ವಿಂಡೋಸ್ ಇಡೀ ಸಾಲನ್ನೇ ನಿಲ್ಲಿಸಿಬಿಡುತ್ತದೆ. ಈ ಪಟ್ಟಿ ಒಂದು ಡ್ರೈವಿಗೆ ಸೇರಿದ್ದಲ್ಲ, ಆ ವರ್ಗಕ್ಕೇ ಸೇರಿದ್ದು. ಆದ್ದರಿಂದಲೇ ಉಪಾಧ್ಯಾಯರು ಎಷ್ಟು ಹೊಸ ಡ್ರೈವುಗಳನ್ನು ಕೊಂಡು ಹಾಕಿದ್ದರೂ ಅವೆಲ್ಲವೂ ಅದೃಶ್ಯವಾಗಿಯೇ ಇರುತ್ತಿದ್ದವು.

ಪರಿಹಾರವೂ ಅಷ್ಟೇ ಸರಳ. ಆಡಳಿತಾಧಿಕಾರವಿರುವ ಖಾತೆಯಿಂದ ಪ್ರವೇಶಿಸಿ, ರೆಜೆಡಿಟ್ ಎಂಬ ತಂತ್ರಾಂಶವನ್ನು ತೆರೆದು, ಮೇಲೆ ಹೇಳಿದ ಸಂಖ್ಯೆಯ ಕಪಾಟನ್ನು ತಲುಪಬೇಕು. ಏನನ್ನೂ ಮುಟ್ಟುವ ಮೊದಲು ಆ ಕಪಾಟಿನ ಒಂದು ನಕಲನ್ನು ‘ಎಕ್ಸ್‌ಪೋರ್ಟ್’ ಮಾಡಿ ಬೇರೆಡೆ ಇಟ್ಟುಕೊಳ್ಳಬೇಕು. ಅನಂತರ ಬಲಗಡೆ ಕಾಣುವ ಅಪ್ಪರ್‌ಫಿಲ್ಟರ್ಸ್, ಲೋಯರ್‌ಫಿಲ್ಟರ್ಸ್ ಎಂಬ ಎರಡು ನಮೂದುಗಳನ್ನು ಅಳಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಬೇಕು. ಬಳಕೆಯಲ್ಲಿರುವ ಬೇರೆ ಸಿ.ಡಿ. ತಂತ್ರಾಂಶವೇನಾದರೂ ಇದರಿಂದ ಕೆಲಸ ನಿಲ್ಲಿಸಿದರೆ ಅದನ್ನು ಮರಳಿ ಅಳವಡಿಸಿದರಾಯಿತು. ವಿಂಡೋಸ್ 7ರಿಂದ 10ರವರೆಗಿನ ಕೆಲವು ಯಂತ್ರಗಳಲ್ಲಿ ದೋಷ ಇನ್ನೊಂದು ಬಗೆಯದು. ಅಲ್ಲಿ ಅಳಿಸುವುದಲ್ಲ, ಸೇರಿಸುವುದು ಮದ್ದು. ಸರ್ವಿಸಸ್ ವಿಭಾಗದ ‘ಅಟಾಪಿ’ ಎಂಬಲ್ಲಿ ‘ಕಂಟ್ರೋಲರ್0’ ಎಂಬ ಉಪವಿಭಾಗವನ್ನು ತೆರೆದು, ‘ಎನಮ್‌ಡಿವೈಸ್1’ ಎಂಬ ನಮೂದಿಗೆ 1 ಎಂಬ ಬೆಲೆಯನ್ನು ಕೊಡಬೇಕು. ಎರಡೂ ವಿಧಾನಗಳನ್ನು ವಿಂಡೋಸ್ ತಯಾರಕರಾದ ಮೈಕ್ರೊಸಾಫ್ಟ್ ಸಂಸ್ಥೆಯೇ ಪ್ರಕಟಿಸಿತ್ತು. ಇದರಲ್ಲಿ ಗುಟ್ಟೇನೂ ಇಲ್ಲ.

ಆದರೆ ಅಪಾಯವಿದೆ, ಅದನ್ನು ಮುಚ್ಚಿಡುವಂತಿಲ್ಲ. ಸಿ.ಡಿ. ಡ್ರೈವಿನ ಸಂಖ್ಯೆ 965ಕ್ಕೆ ಮುಗಿಯುವ ಜಾಗದಲ್ಲಿ ಹಾರ್ಡ್ ಡಿಸ್ಕಿನ ವರ್ಗಕ್ಕೆ 967 ಎಂದಿದೆ. ಉಳಿದ ಅಂಕಿಗಳೆಲ್ಲ ಒಂದೇ. ಅಲ್ಲಿಯೂ ಅಪ್ಪರ್‌ಫಿಲ್ಟರ್ಸ್ ಎಂಬ ನಮೂದಿದೆ, ಆದರೆ ಅಲ್ಲಿರುವ ಹೆಸರು ಜೀವಂತ ಹೆಸರು. ಡಿಸ್ಕಿನ ವಿಭಾಗಗಳನ್ನು ನೋಡಿಕೊಳ್ಳುವ ಚಾಲಕ ತಂತ್ರಾಂಶವದು. ಒಂದು ಅಂಕಿ ತಪ್ಪಿ ಅದನ್ನು ಅಳಿಸಿದರೆ ಯಂತ್ರವೇ ಏಳದೆ ಹೋಗಬಹುದು. ಪಕ್ಕದ ಸರ್ವೆ ನಂಬರಿನ ಖಾತೆಯನ್ನು ರದ್ದುಮಾಡಿದಂತೆ ಇದು. ಕಂದಾಯ ಆಡಳಿತದಲ್ಲಿ ಹಕ್ಕು ಬದಲಾವಣೆಗೆ ಮ್ಯುಟೇಶನ್ ರಿಜಿಸ್ಟರ್ ಇರುವುದು, ನೋಟಿಸ್ ನೀಡಿ ತಕರಾರಿಗೆ ಅವಕಾಶ ಕೊಡುವುದು, ಹಳೆಯ ನಮೂದು ಏನಿತ್ತೆಂಬುದನ್ನು ಉಳಿಸಿಕೊಳ್ಳುವುದು ಇದೇ ಕಾರಣಕ್ಕೆ. ತಿದ್ದುವವನ ಕೈಯಲ್ಲಿ ಹಿಂದಿನ ಸ್ಥಿತಿಗೆ ಮರಳುವ ದಾರಿ ಇರಲೇಬೇಕು. ರಿಜಿಸ್ಟ್ರಿಯಲ್ಲಿ ಆ ದಾರಿಯೆಂದರೆ ಮೊದಲೇ ತೆಗೆದಿಟ್ಟ ನಕಲು.

ಎಲ್ಲ ಡ್ರೈವುಗಳ ರೋಗವೂ ಇದೇ ಎಂದು ಭಾವಿಸಬಾರದು. ಕಣ್ಣಿಗೆ ಧೂಳು ಕೂತಿರಬಹುದು, ಕೇಬಲ್ ಸಡಿಲವಾಗಿರಬಹುದು, ನಿಜವಾಗಿಯೇ ಆಯುಸ್ಸು ಮುಗಿದಿರಬಹುದು. ವ್ಯತ್ಯಾಸ ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಯಂತ್ರ ಏಳುವಾಗ, ವಿಂಡೋಸ್ ಇನ್ನೂ ಬರುವ ಮುನ್ನವೇ, ಬಯೋಸ್ ಪರದೆಯಲ್ಲಿ ಡ್ರೈವಿನ ಹೆಸರು ಕಾಣುತ್ತದೆಯೇ? ವಿಂಡೋಸ್ ಅಥವಾ ಲಿನಕ್ಸ್ ಅಳವಡಿಸುವ ಡಿಸ್ಕನ್ನು ಹಾಕಿದರೆ ಯಂತ್ರ ಅದರಿಂದಲೇ ಏಳುತ್ತದೆಯೇ? ಹೌದಾದರೆ ಡ್ರೈವ್ ಆರೋಗ್ಯವಾಗಿಯೇ ಇದೆ, ದೋಷವನ್ನು ವಿಂಡೋಸಿನ ದಫ್ತರದಲ್ಲಿ ಹುಡುಕಬೇಕು. ಬಯೋಸಿನಲ್ಲಿಯೇ ಹೆಸರಿಲ್ಲದಿದ್ದರೆ ಮೊದಲು ಕೇಬಲ್ ನೋಡಿ, ಅನಂತರ ಡ್ರೈವನ್ನು ಬದಲಿಸುವ ಮಾತು. ಐದು ನಿಮಿಷದ ಈ ಪರೀಕ್ಷೆಯನ್ನು ಮಾಡದೆಯೇ ಉಪಕರಣವನ್ನು ಕಸಕ್ಕೆ ಎಸೆಯುವುದು ಜಾಣತನವಲ್ಲ.

‘ಈ ಕಾಲದಲ್ಲಿ ಸಿ.ಡಿ. ಯಾರಿಗೆ ಬೇಕು?’ ಎಂಬ ಪ್ರಶ್ನೆ ಸಹಜವಾಗಿಯೇ ಬರುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಡ್ರೈವ್ ಇರುವುದೇ ಅಪರೂಪ. ಹಾಡು, ಸಿನಿಮಾ ಎಲ್ಲವೂ ಮೊಬೈಲಿಗೆ ಬಂದಿವೆ. ಪೆನ್ ಡ್ರೈವ್ ಸಿ.ಡಿ.ಗಿಂತ ಎಷ್ಟೋ ಪಟ್ಟು ಹೆಚ್ಚು ಮಾಹಿತಿ ಹಿಡಿಯುತ್ತದೆ. ಈ ವಾದದಲ್ಲಿ ಸತ್ಯವಿದೆ, ಆದರೆ ಅದು ಮುಂದೆ ಸೃಷ್ಟಿಯಾಗುವ ಮಾಹಿತಿಗೆ ಅನ್ವಯಿಸುವ ಸತ್ಯ. ಈಗಾಗಲೇ ಡಿಸ್ಕುಗಳಲ್ಲಿ ಕುಳಿತಿರುವುದರ ಗತಿಯೇನು?

ನ್ಯಾಯಾಲಯವನ್ನೇ ತೆಗೆದುಕೊಳ್ಳಿ. ಪಿ.ವಿ. ಅನ್ವರ್ ಮತ್ತು ಪಿ.ಕೆ. ಬಶೀರ್ ನಡುವಿನ ಚುನಾವಣಾ ತಕರಾರಿನಲ್ಲಿ ಸುಪ್ರೀಂ ಕೋರ್ಟ್ 2014ರಲ್ಲಿ ನೀಡಿದ ತೀರ್ಪಿನ ಕೇಂದ್ರದಲ್ಲಿದ್ದದ್ದು ಕೆಲವು ಸಿ.ಡಿ.ಗಳು. ಸಾಕ್ಷ್ಯ ಕಾಯಿದೆಯ 65ಬಿ ಕಲಮಿನ ಪ್ರಮಾಣಪತ್ರವಿಲ್ಲದ ಕಾರಣ ನ್ಯಾಯಾಲಯ ಅವನ್ನು ಸಾಕ್ಷ್ಯವಾಗಿ ಸ್ವೀಕರಿಸಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿಯೂ ಈ ಪ್ರಮಾಣಪತ್ರದ ನಿಯಮ ಮುಂದುವರಿದಿದೆ. ವರ್ಷಗಟ್ಟಲೆ ಎಳೆಯುವ ದಾವೆಗಳಲ್ಲಿ ಹಾಜರುಪಡಿಸಿದ ಡಿಸ್ಕನ್ನು ವಿಚಾರಣೆಯ ದಿನ ತೆರೆಯಲು ಒಂದು ಡ್ರೈವ್ ಬೇಕು. ಆಸ್ಪತ್ರೆಗಳನ್ನು ನೋಡಿ. ಎಂ.ಆರ್.ಐ., ಸಿ.ಟಿ. ಸ್ಕ್ಯಾನಿನ ಚಿತ್ರಗಳನ್ನು ಸಿ.ಡಿ.ಯಲ್ಲಿ ಕೊಡುವ ಪದ್ಧತಿ ಇನ್ನೂ ಹೋಗಿಲ್ಲ. ಪಾವಗಡದಿಂದ ಬೆಂಗಳೂರಿಗೆ ಡಿಸ್ಕ್ ಹಿಡಿದು ಹೋದ ರೋಗಿಗೆ ‘ಇದು ತೆರೆಯುತ್ತಿಲ್ಲ, ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿ’ ಎಂದರೆ ಅದರ ಬೆಲೆ ಒಂದು ಡ್ರೈವಿನ ಬೆಲೆಯಲ್ಲ. ಮಾಹಿತಿ ಹಕ್ಕು ಕಾಯಿದೆ ಬಂದದ್ದು 2005ರಲ್ಲಿ. ಮಾಹಿತಿಯನ್ನು ಡಿಸ್ಕೆಟ್, ಫ್ಲಾಪಿ, ಟೇಪು ಮೊದಲಾದ ವಿದ್ಯುನ್ಮಾನ ರೂಪಗಳಲ್ಲಿ ಪಡೆಯುವ ಹಕ್ಕನ್ನು ಅದರ ಎರಡನೆಯ ಕಲಮು ಹೆಸರಿಸಿಯೇ ನೀಡಿದೆ. ಹಾಗೆ ಪಡೆದ ಮಾಹಿತಿಯನ್ನು ಓದಲಾಗದಿದ್ದರೆ ಹಕ್ಕಿನ ಅರ್ಥವೇನು?

ಶಾಲೆಗಳ ಬೀರುಗಳಲ್ಲಿಯೂ ಡಿಸ್ಕುಗಳಿವೆ. 2000ರ ದಶಕದಲ್ಲಿ ನಮ್ಮ ಸರ್ಕಾರಿ ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಮೊದಲಾದ ಯೋಜನೆಗಳ ಮೂಲಕ ಗಣಕಯಂತ್ರಗಳು ಬಂದವು. ಅದೇ ಕಾಲದಲ್ಲಿ ಅಜೀಂ ಪ್ರೇಂಜಿ ಪ್ರತಿಷ್ಠಾನವು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಮಕ್ಕಳಿಗಾಗಿ ಪಾಠದ ಸಿ.ಡಿ.ಗಳನ್ನು ಸಿದ್ಧಪಡಿಸಿತು. ನುಡಿ, ಬರಹ ತಂತ್ರಾಂಶಗಳಲ್ಲಿ ಬೆರಳಚ್ಚಾದ ಸಂಘಸಂಸ್ಥೆಗಳ ನಡಾವಳಿ, ಸ್ಮರಣ ಸಂಚಿಕೆ, ಹಸ್ತಪ್ರತಿಗಳೂ ಎಷ್ಟೋ ಕಡೆ ಸಿ.ಡಿ.ಗಳಲ್ಲಿಯೇ ಉಳಿದಿವೆ. ಮನೆಗಳಲ್ಲಿರುವ ಮದುವೆಯ ಡಿಸ್ಕುಗಳ ಮಾತು ಬೇರೆ. ಈಗ ಇಲ್ಲದ ಹಿರಿಯರ ದನಿ ಕೇಳಿಸುವುದು ಎಷ್ಟೋ ಕುಟುಂಬಗಳಲ್ಲಿ ಅದರಲ್ಲಿ ಮಾತ್ರ. ಮನೆಯಲ್ಲಿ, ಕಚೇರಿಯಲ್ಲಿ ಬರೆದ ಡಿಸ್ಕುಗಳ ಒಳಪದರದಲ್ಲಿರುವುದು ಒಂದು ಬಗೆಯ ಬಣ್ಣ. ಬಿಸಿಲು, ತಾಪಗಳಿಗೆ ಅದು ಮಾಸುತ್ತದೆ. ತಗಡಿನ ಬೀರುವಿನ ಬೇಸಿಗೆಯನ್ನು ಬಲ್ಲವರಿಗೆ ಇದರ ಅರ್ಥವಾಗುತ್ತದೆ. ಆದ್ದರಿಂದ ಇಲ್ಲಿ ಕಾಲ ನಮ್ಮ ಪರವಾಗಿಲ್ಲ. ಇಂದು ಓದಿ ನಕಲು ಮಾಡಿಕೊಳ್ಳದ ಡಿಸ್ಕು ಹತ್ತು ವರ್ಷದ ಮೇಲೆ ಓದಲು ಸಿಗುತ್ತದೆಂಬ ಭರವಸೆಯಿಲ್ಲ.

ಇದರ ಹಿಂದಿರುವ ಅರ್ಥಶಾಸ್ತ್ರವನ್ನೂ ಗಮನಿಸಬೇಕು. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದಾಗ ಮಾರುಕಟ್ಟೆಯೇ ಕೆಡುತ್ತದೆಂದು ಹಳೆಯ ಕಾರುಗಳ ಉದಾಹರಣೆಯಿಂದ ಜಾರ್ಜ್ ಅಕರ್ಲಾಫ್ 1970ರಲ್ಲಿ ತೋರಿಸಿದರು. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ರಿಪೇರಿಯ ಕಥೆ ಇನ್ನೂ ಒಂದು ಹೆಜ್ಜೆ ಮುಂದಿದೆ. ಮಾವಿನಹಣ್ಣು ಸಿಹಿಯೋ ಹುಳಿಯೋ ಎಂಬುದು ತಿಂದ ಮೇಲಾದರೂ ತಿಳಿಯುತ್ತದೆ. ಆದರೆ ಬದಲಾಯಿಸಿದ ಭಾಗವನ್ನು ಬದಲಾಯಿಸಬೇಕಾಗಿತ್ತೇ ಎಂಬುದು ಹಣ ಕೊಟ್ಟ ಮೇಲೂ ತಿಳಿಯುವುದಿಲ್ಲ. ಮೈಕೆಲ್ ಡಾರ್ಬಿ ಮತ್ತು ಎಡಿ ಕಾರ್ನಿ 1973ರಲ್ಲಿ ಇಂಥವನ್ನು ನಂಬಿಕೆಯ ಸರಕುಗಳೆಂದು ವರ್ಗೀಕರಿಸಿದರು. ರೋಗವನ್ನು ಹೇಳುವವನೂ ಔಷಧಿಯನ್ನು ಮಾರುವವನೂ ಒಬ್ಬನೇ ಆಗಿರುವ ಕಡೆ, ಬೇಕಾದುದಕ್ಕಿಂತ ದೊಡ್ಡ ಔಷಧಿಯೇ ಮಾರಾಟವಾಗುತ್ತದೆ. ಇದು ಯಾರೊಬ್ಬರ ನೀತಿಗೇಡಿತನದ ಪ್ರಶ್ನೆಯಲ್ಲ. ಎರಡು ನಮೂದು ಅಳಿಸಿದ್ದಕ್ಕೆ ಗ್ರಾಹಕ ನೂರು ರೂಪಾಯಿ ಕೊಡಲು ಹಿಂಜರಿಯುತ್ತಾನೆ, ಕಣ್ಣಿಗೆ ಕಾಣುವ ಭಾಗವೊಂದನ್ನು ಹಾಕಿದರೆ ಸಾವಿರ ಕೊಡುತ್ತಾನೆ. ತಿಳಿವಳಿಕೆಗೆ ಬೆಲೆ ಕೊಡದ ನಾವು ಸಾಮಾನಿಗೆ ಬೆಲೆ ತೆರುತ್ತೇವೆ. ಅಂಗಡಿಯಾತ ನಮ್ಮಿಂದಲೇ ಆ ಪಾಠ ಕಲಿತಿದ್ದಾನೆ.

ನಮ್ಮ ರಾಜ್ಯಕ್ಕೆ ಈ ವಿಷಯದಲ್ಲಿ ಹೇಳಿಕೊಳ್ಳುವಂಥ ಅನುಭವವಿದೆ. 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದವು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಸಿಗುವಂತಾಯಿತು. ತಪ್ಪು ನಮೂದುಗಳು ಅದರಿಂದ ತಾನಾಗಿಯೇ ಸರಿಹೋಗಲಿಲ್ಲವೆಂಬುದು ನಿಜ. ತೀರಿಸಿದ ಸಾಲ ಹನ್ನೊಂದನೆಯ ಅಂಕಣದಲ್ಲಿ ಉಳಿದು ರೈತ ಅಲೆದಾಡಿದ ಉದಾಹರಣೆಗಳಿಗೆ ಕೊರತೆಯಿಲ್ಲ. ಆದರೆ ಒಂದು ಮುಖ್ಯ ವ್ಯತ್ಯಾಸವಿತ್ತು. ಪಹಣಿ ಕನ್ನಡದಲ್ಲಿತ್ತು. ಅಕ್ಷರ ಬಲ್ಲ ಯಾವ ರೈತನಾದರೂ, ಬಾರದಿದ್ದರೆ ಅವನ ಮಗಳಾದರೂ, ಆ ಹಾಳೆಯನ್ನು ಓದಿ ‘ಈ ಅಂಕಣದಲ್ಲಿ ಈ ಹೆಸರು ತಪ್ಪು’ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಓದಲು ಬರುವ ತಪ್ಪನ್ನು ತಿದ್ದಿಸಬಹುದು. ಓದಲು ಬಾರದ ತಪ್ಪಿನ ಎದುರು ತಹಶೀಲ್ದಾರನೂ ಅಸಹಾಯಕ. ಗಣಕಯಂತ್ರದ ದೋಷಸೂಚನೆಗಳು ನಮ್ಮ ಬಹುಪಾಲು ಬಳಕೆದಾರರಿಗೆ ಇಂದಿಗೂ ಈ ಎರಡನೆಯ ವರ್ಗಕ್ಕೆ ಸೇರಿವೆ. ಕೋಡ್ 39 ಎಂದರೆ ‘ಚಾಲಕ ತಂತ್ರಾಂಶ ಕೆಟ್ಟಿದೆ ಅಥವಾ ಇಲ್ಲವಾಗಿದೆ’ ಎಂದರ್ಥ, ‘ಡ್ರೈವ್ ಕೆಟ್ಟಿದೆ’ ಎಂದಲ್ಲ. ಕೋಡ್ 19 ಎಂದರೆ ‘ರಿಜಿಸ್ಟ್ರಿಯ ಮಾಹಿತಿ ಅಪೂರ್ಣ ಅಥವಾ ಹಾಳಾಗಿದೆ’ ಎಂದು ಯಂತ್ರವೇ ಒಪ್ಪಿಕೊಂಡಂತೆ. ಈ ಎರಡು ವಾಕ್ಯಗಳು ಕನ್ನಡದಲ್ಲಿ ಗೊತ್ತಿದ್ದಿದ್ದರೆ ಆ ಉಪಾಧ್ಯಾಯರು ಹೊಸ ಡ್ರೈವನ್ನು ಕೊಳ್ಳುತ್ತಿರಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆಯೂ ಬೇಡ, ಅನುದಾನವೂ ಬೇಡ. ಮೊದಲನೆಯದಾಗಿ, ಯಾವುದೇ ಸರ್ಕಾರಿ ಕಚೇರಿ ಅಥವಾ ಶಾಲೆಯ ಹಳೆಯ ಗಣಕಯಂತ್ರವನ್ನು ವಿಲೇವಾರಿ ಮಾಡುವ ಮುನ್ನ, ಅಲ್ಲಿರುವ ಸಿ.ಡಿ., ಡಿ.ವಿ.ಡಿ.ಗಳ ಪಟ್ಟಿ ಮಾಡಿ, ಉಪಯುಕ್ತವಾದವನ್ನು ನಕಲು ಮಾಡಿಕೊಂಡು, ಆ ಬಗ್ಗೆ ಮುಖ್ಯಸ್ಥರು ಸಹಿ ಹಾಕಬೇಕೆಂಬ ನಿಯಮ ಬರಲಿ. ವಿಂಡೋಸ್ 10ಕ್ಕೆ ತಯಾರಕರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ಆ ಕಾರಣಕ್ಕಾಗಿ ಹಳೆಯ ಯಂತ್ರಗಳು ಮೂಲೆ ಸೇರುವ ಕಾಲವಿದು. ಡ್ರೈವ್ ಇರುವ ಯಂತ್ರ ಹೋದ ಮೇಲೆ ಬೀರುವಿನ ಡಿಸ್ಕುಗಳಿಗೆ ಕಾವಲುಗಾರನಿದ್ದೂ ಓದುಗನಿಲ್ಲದಂತಾಗುತ್ತದೆ. ಉಪವಿಭಾಗದ ಪ್ರತಿ ತಾಲ್ಲೂಕು ಕೇಂದ್ರದಲ್ಲಿ ಸರಿಯಾಗಿ ಓದುವ ಡ್ರೈವುಳ್ಳ ಒಂದು ಯಂತ್ರವನ್ನು ಸಾರ್ವಜನಿಕ ಗ್ರಂಥಾಲಯದಲ್ಲಿಟ್ಟರೆ ಮನೆಯವರಿಗೂ ಅನುಕೂಲ.

ಎರಡನೆಯದಾಗಿ, ನಮ್ಮ ಐ.ಟಿ.ಐ.ಗಳಲ್ಲಿ ಗಣಕಯಂತ್ರ ಕಲಿಯುವ ವಿದ್ಯಾರ್ಥಿಗಳಿಗೆ ದೋಷ ಹುಡುಕುವ ಕ್ರಮವನ್ನು ಕನ್ನಡದಲ್ಲಿ ಕಲಿಸಬೇಕು. ಮೊದಲು ಪರೀಕ್ಷೆ, ಅನಂತರ ನಕಲು, ಆಮೇಲೆ ತಿದ್ದುಪಡಿ, ಕೊನೆಗೆ ಮಾತ್ರ ಭಾಗ ಬದಲಾವಣೆ ಎಂಬ ನಾಲ್ಕು ಹಂತಗಳು ಒಂದೇ ಹಾಳೆಯಲ್ಲಿ ಹಿಡಿಯುತ್ತವೆ. ಪಾರಿಭಾಷಿಕ ಪದಗಳಿಗೆ ಸಂಸ್ಕೃತದ ಕ್ಲಿಷ್ಟ ರೂಪಗಳನ್ನು ಹುಡುಕುತ್ತ ಕೂರುವ ಅಗತ್ಯವಿಲ್ಲ. ರಿಜಿಸ್ಟ್ರಿ, ಡ್ರೈವ್, ಫಿಲ್ಟರ್ ಎಂಬ ಪದಗಳನ್ನು ಹಾಗೆಯೇ ಉಳಿಸಿಕೊಂಡು ವಿವರಣೆ ಮಾತ್ರ ನಮ್ಮ ನುಡಿಯಲ್ಲಿರಲಿ. ರಿಜಿಸ್ಟರ್, ಅಫಿಡವಿಟ್, ನೋಟಿಸ್ ಎಂಬ ಪದಗಳನ್ನು ಅರಗಿಸಿಕೊಂಡ ಜನಕ್ಕೆ ಇವು ಭಾರವಾಗಲಾರವು.

ಮೂರನೆಯದು ಗ್ರಾಹಕರ ಕೈಯಲ್ಲಿದೆ. ರಿಪೇರಿಗೆ ಕೊಟ್ಟಾಗ ದೋಷವೇನೆಂಬುದನ್ನೂ ಪರದೆ ತೋರಿಸಿದ ಕೋಡ್ ಸಂಖ್ಯೆಯನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬದಲಾಯಿಸಿದ ಹಳೆಯ ಭಾಗವನ್ನು ಮರಳಿ ಕೇಳಿ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ‘ರಿಪೇರಿಯ ಹಕ್ಕು’ ಎಂಬ ಜಾಲತಾಣವನ್ನು ಆರಂಭಿಸಿದಾಗ ಕೃಷಿ ಉಪಕರಣ, ವಾಹನಗಳ ಜೊತೆಗೆ ಮೊಬೈಲ್ ಹಾಗೂ ಎಲೆಕ್ಟ್ರಾನಿಕ್ ವಸ್ತುಗಳನ್ನೂ ಸೇರಿಸಿತು. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳೂ ಜಾರಿಯಾಗಿವೆ. ಆದರೆ ಕೆಡದ ವಸ್ತುವನ್ನು ಕೆಟ್ಟಿತೆಂದು ಎಸೆಯುವುದನ್ನು ತಡೆಯಲು ನಿಯಮಕ್ಕಿಂತ ಮೊದಲು ಬೇಕಾದದ್ದು ಪ್ರಶ್ನಿಸುವ ಅಭ್ಯಾಸ. ಹಾಗೆಯೇ, ಸರಿಯಾಗಿ ದೋಷ ಹುಡುಕಿ, ಯಾವ ಭಾಗವನ್ನೂ ಮಾರದೆ ಯಂತ್ರವನ್ನು ಸರಿಪಡಿಸಿದ ಹುಡುಗನಿಗೆ ಅವನ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡುವ ಅಭ್ಯಾಸವೂ ಬೇಕು. ಮಧುಗಿರಿಯಂಥ ಊರುಗಳಲ್ಲಿ ಈ ವಿದ್ಯೆಯಿಂದ ಜೀವನ ಮಾಡಬಲ್ಲ ಯುವಕರಿದ್ದಾರೆ. ಅವರು ಸಾಮಾನು ಮಾರುವವರಾಗಬೇಕೋ ದೋಷ ತಿದ್ದುವವರಾಗಬೇಕೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ನಾವು ಯಾವುದಕ್ಕೆ ಹಣ ಕೊಡುತ್ತೇವೆ ಎಂಬುದೇ. ಮುಂದಿನ ಬಾರಿ ‘ಡ್ರೈವ್ ಹೋಗಿದೆ’ ಎಂಬ ಮಾತು ಕಿವಿಗೆ ಬಿದ್ದಾಗ, ಪರ್ಸಿಗೆ ಕೈಹಾಕುವ ಮೊದಲು ‘ಕೋಡ್ ಎಷ್ಟು?’ ಎಂದು ಕೇಳುವುದರಿಂದ ಇದನ್ನು ಆರಂಭಿಸಬಹುದು.